ಶಿರಸಿ–ಕುಮಟಾ ರಸ್ತೆ: ದೇವಿಮನೆ ಘಟ್ಟ, ಹತ್ತಿ ಗಾಡಿ, ಶೇಡಿ ಮಣ್ಣು

ಹತ್ತಿಹೊಲ ಹಾವೇರಿ:
ಎಲ್ಲರಿಗೂ ನಮಸ್ಕಾರ. ಹಾವೇರಿಯಿಂದ ಗೋಕರ್ಣಕ್ಕೆ ಮನೆಮಂದಿಯೆಲ್ಲ ಹೊರಟಿದ್ದೇವೆ. ಶಿರಸಿ ಮೇಲೆ ಹೋಗಿ ದೇವಿಮನೆ ಘಟ್ಟ ಇಳಿಯುವ ಆಸೆ. ರಸ್ತೆ ಹೇಗಿದೆ ಅಂತ ಕೇಳೋಣ ಎಂದು ಬಂದೆ. ಜೊತೆಗೆ ಇನ್ನೊಂದು ಪ್ರಶ್ನೆ ತಲೆಯಲ್ಲಿ ಕೂತಿದೆ.

ನಮ್ಮ ಅಜ್ಜ ಹೊಲದಲ್ಲಿ ಎರಡು ಥರದ ಹತ್ತಿ ಲೆಕ್ಕ ಹೇಳುತ್ತಿದ್ದ. ಒಂದು ವಿಲಾಯ್ತಿ, ಇನ್ನೊಂದು ಕುಮಟಾ ಹತ್ತಿ. ಸಣ್ಣವನಿದ್ದಾಗ ಕುಮಟಾ ಅಂದರೆ ಬೀಜದ ಹೆಸರು ಅಂದುಕೊಂಡಿದ್ದೆ. ಆಮೇಲೆ ಭೂಪಟದಲ್ಲಿ ಕುಮಟಾ ನೋಡಿದೆ. ಸಮುದ್ರದ ದಂಡೆ, ತೆಂಗು, ಭತ್ತ, ಮೀನು. ಅಲ್ಲಿ ಹತ್ತಿ ಎಲ್ಲಿಂದ ಬಂತು? ಈ ರಸ್ತೆಗೂ ಆ ಹೆಸರಿಗೂ ಏನಾದರೂ ನಂಟು ಇದೆಯಾ?

ಘಟ್ಟದ ಕೆಳಗಿನವ:
ನಮ್ಮೂರಲ್ಲಿ ಹತ್ತಿ ಗಿಡ ನೋಡಬೇಕಾದರೆ ದೇವರಿಗೆ ಬತ್ತಿ ಹೊಸೆಯಲು ಹಿತ್ತಲಲ್ಲಿ ನೆಟ್ಟ ಒಂದೋ ಎರಡೋ ಗಿಡ ನೋಡಬೇಕು, ಅಷ್ಟೇ. ಹೆಸರಿನ ಕಥೆ ಇಲ್ಲಿರುವ ಹಳೆ ಕಡತ ಮೇಷ್ಟ್ರು ಹೇಳುತ್ತಾರೆ. ನಾನು ದಾರಿ ಹೇಳುತ್ತೇನೆ. ನಮ್ಮ ಮನೆ ಕತಗಾಲದ ಹತ್ತಿರ, ಈ ರಸ್ತೆಯಲ್ಲೇ ಹುಟ್ಟಿ ಬೆಳೆದವನು.

ಶಿರಸಿ ಬಿಟ್ಟರೆ ಹನುಮಂತಿ, ರಾಗಿಹೊಸಳ್ಳಿ, ಬಂಡಲ. ಅಲ್ಲಿಯವರೆಗೆ ಅಡಿಕೆ ತೋಟ, ಬೆಟ್ಟ, ಮಧ್ಯೆ ಮಧ್ಯೆ ಗದ್ದೆ. ಆಮೇಲೆ ದೇವಿಮನೆ. ದೇವಸ್ಥಾನ ದಾಟಿದ ಮೇಲೆ ಘಟ್ಟ ಇಳಿಯಲು ಶುರು. ಕಿವಿ ಮುಚ್ಚಿಕೊಂಡ ಹಾಗೆ ಆಗಿ, ಒಂದು ತಿರುವಿನಲ್ಲಿ ಟಪ್ ಅಂತ ಬಿಡುತ್ತದೆ. ಅಷ್ಟರಲ್ಲಿ ಸೆಕೆ ಹತ್ತಿರುತ್ತದೆ. ಕೆಳಗೆ ಬಂದರೆ ಕತಗಾಲ, ಅಂತ್ರವಳ್ಳಿ, ಕೊನೆಗೆ ದಿವಗಿಯಲ್ಲಿ ದೊಡ್ಡ ಹೆದ್ದಾರಿ 66 ಸಿಗುತ್ತದೆ. ಎಡಕ್ಕೆ ಕುಮಟಾ, ಬಲಕ್ಕೆ ಮಿರ್ಜಾನ್ ಕೋಟೆ, ಗೋಕರ್ಣ. ಒಟ್ಟು 60 ಕಿ.ಮೀ ಆಸುಪಾಸು. ಸುಮಾರು 600 ಮೀಟರ್ ಎತ್ತರದಿಂದ ಸಮುದ್ರದ ಮಟ್ಟಕ್ಕೆ ಬಂದಿರುತ್ತೀರಿ.

ಮಳೆಗಾಲದಲ್ಲಿ ಹೊರಡುವುದಾದರೆ ಹಿಂದಿನ ದಿನ ಶಿರಸಿಯಲ್ಲಿ ಯಾರನ್ನಾದರೂ ಕೇಳಿ ಹೊರಡಿ. ಮೊಬೈಲ್ ಭೂಪಟ ನಂಬಬೇಡಿ. ರಸ್ತೆ ಬಂದ್ ಇದ್ದರೂ ಅದು ನೀಲಿ ಗೆರೆ ಎಳೆದು ತೋರಿಸುತ್ತದೆ.

ಬೆಂಗಳೂರು ವಾಸಿ:
ಇದು ರಾಜ್ಯ ಹೆದ್ದಾರಿಯೋ ರಾಷ್ಟ್ರೀಯ ಹೆದ್ದಾರಿಯೋ? ಒಂದೊಂದು ಫಲಕದಲ್ಲಿ ಒಂದೊಂದು ಇದೆ.

ಘಟ್ಟದ ಕೆಳಗಿನವ:
ಎರಡೂ ಸರಿ. ನಾವು ಚಿಕ್ಕವರಿದ್ದಾಗ ಇದು ಕುಮಟಾ–ತಡಸ ರಾಜ್ಯ ಹೆದ್ದಾರಿ. ಈಗ ಕುಮಟಾ–ಶಿರಸಿ–ಹಾವೇರಿ ಸೇರಿಸಿ ರಾಷ್ಟ್ರೀಯ ಹೆದ್ದಾರಿ 766ಇ ಮಾಡಿದ್ದಾರೆ. ಊರಿನವರ ಬಾಯಲ್ಲಿ ಮಾತ್ರ ಅದು ಶಿರಸಿ ರಸ್ತೆ. ಶಿರಸಿಯವರಿಗೆ ಕುಮಟಾ ರಸ್ತೆ.

ಹಳೆ ಕಡತ:
ಆ ತಡಸ ಅನ್ನುವ ಹೆಸರಿನಲ್ಲೇ ಹಾವೇರಿಯವರ ಪ್ರಶ್ನೆಗೆ ಅರ್ಧ ಉತ್ತರ ಇದೆ ನೋಡಿ. ಕುಮಟಾದಿಂದ ಹೊರಟ ರಸ್ತೆ ಶಿರಸಿಯಲ್ಲಿ ನಿಲ್ಲದೆ ಮುಂಡಗೋಡ ಹಾದು ತಡಸಕ್ಕೆ ಯಾಕೆ ಹೋಗಬೇಕು? ತಡಸದಿಂದ ಮುಂದೆ ಹುಬ್ಬಳ್ಳಿ. ಹುಬ್ಬಳ್ಳಿಯ ಸುತ್ತ ಎರೆ ಭೂಮಿ. ಎರೆ ಭೂಮಿಯಲ್ಲಿ ಹತ್ತಿ. ಈಗ ಒಂದು ನಂಬರು ಕೊಟ್ಟ ಆ ರಸ್ತೆ ಹಿಂದೆ ಹತ್ತಿ ಗಾಡಿಗಳ ಜಾಡು.

ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಧಾರವಾಡ ಸೀಮೆಯ ಹತ್ತಿಗೆ ರೈಲು ಬರುವ ಮೊದಲು ಹತ್ತಿರದ ಸಮುದ್ರ ಅಂದರೆ ಕುಮಟಾ. ಅರಳೆ ಎತ್ತಿನ ಗಾಡಿಯಲ್ಲಿ ಶಿರಸಿಗೆ ಬಂದು, ದೇವಿಮನೆ ಇಳಿದು, ಕುಮಟಾದಲ್ಲಿ ಒತ್ತಿ ಅಂಡಿಗೆ ಕಟ್ಟಿಸಿಕೊಂಡು, ಅಲ್ಲಿಂದ ಹಾಯಿ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿ ವ್ಯಾಪಾರಿಗೆ ಅದು ಯಾವ ಊರಿನ ಹೊಲದಲ್ಲಿ ಬೆಳೆಯಿತು ಅನ್ನುವುದು ಬೇಕಿರಲಿಲ್ಲ. ಯಾವ ಬಂದರಿನಿಂದ ಬಂತು ಅನ್ನುವುದೇ ಗುರುತು. ಹಾಗಾಗಿ ನಮ್ಮ ಜವಾರಿ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಅಂತ ಹೆಸರು ಬಿತ್ತು. 1840ರ ದಶಕದಲ್ಲಿ ಇಂಗ್ಲಿಷರು ಅಮೆರಿಕದ ಬೀಜ ತಂದು ಧಾರವಾಡದ ಸುತ್ತ ಬೆಳೆಸಿದರು. ಅದು ಪೇಟೆಯಲ್ಲಿ ‘ಧಾರವಾಡ’ ಆಯಿತು, ಹೊಲದಲ್ಲಿ ವಿಲಾಯ್ತಿ. ತಮಾಷೆ ನೋಡಿ. ಪರದೇಶದ ಬೀಜಕ್ಕೆ ಧಾರವಾಡದ ಹೆಸರು, ಧಾರವಾಡದ ಬೀಜಕ್ಕೆ ಕುಮಟಾದ ಹೆಸರು. ನಿಮ್ಮ ಅಜ್ಜ ಹೇಳಿದ ಎರಡು ಲೆಕ್ಕ ಇವೇ.

ಹತ್ತಿಹೊಲ ಹಾವೇರಿ:
ಮೇಷ್ಟ್ರೇ, ಮೈ ಜುಮ್ ಅಂತು. ಅಜ್ಜ ಕುಮಟಾ ನೋಡಿದವನೇ ಅಲ್ಲ! ಮುಂದೆ ಬರೆಯಿರಿ.

ಹಳೆ ಕಡತ:
ಮುಂದಿನದು ಆಡಳಿತದ ಜಗಳ. 1862ರವರೆಗೆ ಕುಮಟಾ ಸೇರಿದ ಕೆನರಾ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ. ಅಂದರೆ ಹತ್ತಿ ಬೆಳೆಯುವ ಹೊಲ ಒಬ್ಬರದ್ದು, ಅದು ಇಳಿಯುವ ಘಟ್ಟ ಮತ್ತು ಬಂದರು ಇನ್ನೊಬ್ಬರದ್ದು. ಮದ್ರಾಸಿನವರಿಗೆ ಕುಮಟಾ ತಮ್ಮ ಸೀಮೆಯ ತೀರಾ ಮೂಲೆ. ಮುಂಬಯಿಗೆ ಹೋಗುವ ಸರಕಿಗೆ ತಾವೇಕೆ ರಸ್ತೆ ಮಾಡಿಸಬೇಕು?

ಅಷ್ಟರಲ್ಲಿ 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಮ್ಯಾಂಚೆಸ್ಟರ್ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತಿತು. ಈ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಗಿರಣಿಯವರು ಲಂಡನ್ನಿನಲ್ಲಿ ಕೂತು ಧಾರವಾಡದ ರಸ್ತೆ ಬಗ್ಗೆ ಗಲಾಟೆ ಮಾಡುವ ಕಾಲ ಅದು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ಹೊಲ, ಘಟ್ಟ, ಬಂದರು ಮೂರೂ ಒಂದೇ ಕೈಗೆ ಬಂದವು. ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಮುಂದೆ 1956ರವರೆಗೂ ಅಣ್ಣ ತಮ್ಮಂದಿರ ಮನೆ ಬೇರೆ ಆದ ಹಾಗೇ ಇತ್ತು.

ದರ ಏರಿದಾಗ ಮೋಸವೂ ಏರಿತು. ಅಂಡಿಗೆಯಲ್ಲಿ ಬೀಜ, ಮಣ್ಣು, ನೀರು ಸೇರಿಸಿ ತೂಕ ಹೆಚ್ಚಿಸುವುದು. 1863ರಲ್ಲಿ ಮುಂಬಯಿ ಸರಕಾರ ಹತ್ತಿ ಮೋಸ ತಡೆಯಲು ಒಂದು ಕಾಯ್ದೆಯನ್ನೇ ತಂದಿತು. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ದರ ಪಾತಾಳಕ್ಕೆ ಇಳಿಯಿತು, ಮುಂಬಯಿಯಲ್ಲಿ ದೊಡ್ಡ ದೊಡ್ಡವರೇ ದಿವಾಳಿ ಎದ್ದರು.

ಸಾಣಿಕಟ್ಟಾ ಅಕ್ಕ:
ಮೇಷ್ಟ್ರು ಬರೀ ಇಳಿದ ಸರಕಿನ ಬಗ್ಗೆ ಹೇಳಿದರು. ಗಾಡಿ ಖಾಲಿ ಹತ್ತುತ್ತಿತ್ತಾ? ಯಾವ ಗಾಡಿಯವನೂ ಎತ್ತಿಗೆ ಹುಲ್ಲು ಹಾಕಿ ಖಾಲಿ ಗಾಡಿ ಹೊಡೆಯುವುದಿಲ್ಲ. ಮೇಲೆ ಹೋಗುತ್ತಿದ್ದದ್ದು ಉಪ್ಪು. ನಮ್ಮ ಸಾಣಿಕಟ್ಟೆಯ ಉಪ್ಪು. ಜೊತೆಗೆ ತೆಂಗಿನಕಾಯಿ, ಒಣಮೀನು.

ಗಾಡಿ ರಸ್ತೆ ಆಗುವುದಕ್ಕೂ ಮೊದಲು ಎತ್ತಿನ ಬೆನ್ನ ಮೇಲೆ ಹೇರು. ಲಂಬಾಣಿಗರ ಹೇರೆತ್ತುಗಳ ಸಾಲು ಉಪ್ಪು ಹೊತ್ತು ಘಟ್ಟ ಹತ್ತುತ್ತಿತ್ತು. ಕತಗಾಲದ ಹತ್ತಿರ ಅಘನಾಶಿನಿ ಹೊಳೆಯ ದಂಡೆಯಲ್ಲಿ ಉಪ್ಪಿನಪಟ್ಟಣ ಅಂತ ಊರಿದೆ. ಅಲ್ಲಿ ಉಪ್ಪು ಬೆಳೆಯುವುದಿಲ್ಲ. ಕೆಳಗಿನಿಂದ ದೋಣಿ ಅಲ್ಲಿಯವರೆಗೆ ಬರಬಹುದು, ಆಮೇಲೆ ಕಲ್ಲು, ಏರು. ಉಪ್ಪು ದೋಣಿಯಿಂದ ಇಳಿದು ಎತ್ತಿನ ಬೆನ್ನು ಹತ್ತುವ ಜಾಗಕ್ಕೆ ಬೇರೆ ಏನು ಹೆಸರಿಡುತ್ತಾರೆ ಹೇಳಿ? ನಿಮ್ಮ ಕುಮಟಾ ಹತ್ತಿಯ ಕಥೆಯೇ ತಿರುಗಿಸಿ ಹೇಳಿದ ಹಾಗೆ ಇದೆ ಅಲ್ವಾ.

ಹಳೆ ಕಡತ:
ಅಕ್ಕ, ಒಪ್ಪಿದೆ. ನನ್ನ ತಪ್ಪು. ಹತ್ತಿಗಿಂತ ಮೊದಲು ಇದೇ ಘಟ್ಟಗಳಿಂದ ಇಳಿದ ರಾಣಿ ಸರಕು ಕಾಳುಮೆಣಸು ಅನ್ನುವುದನ್ನೂ ಬಿಟ್ಟಿದ್ದೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಅಂತಲೇ ಕರೆದರು. ಈ ರಸ್ತೆ ಮುಗಿಯುವ ದಿವಗಿಯಿಂದ ಮಿರ್ಜಾನ್ ಕೋಟೆ ಕೂಗಳತೆ ದೂರ. ಅಲ್ಲಿಂದ ಅಘನಾಶಿನಿ ಸಮುದ್ರ ಸೇರುವ ಅಳಿವೆಗೆ ದೋಣಿ ದಾರಿ. ಕೋಟೆ ಕಟ್ಟಿದ್ದು ಸುಮ್ನೆ ಚೆಂದಕ್ಕಲ್ಲ.

ರಾತ್ರಿ ಬಸ್:
ಒಂದು ಅನುಮಾನ. ಹುಬ್ಬಳ್ಳಿ ಹತ್ತಿ ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಹೋಗಲಿಲ್ವಾ? ಲಾರಿಗಳೆಲ್ಲ ಈಗ ಅದೇ ದಾರಿ. ದೇವಿಮನೆಗೆ ಜಾಸ್ತಿ ಮಹತ್ವ ಕೊಡುತ್ತಿದ್ದೀರಿ ಅನಿಸುತ್ತಿದೆ.

ಹಳೆ ಕಡತ:
ಅರಬೈಲ್ ಆಮೇಲಿನ ಮಾತು. ಜಿಲ್ಲೆ ಮುಂಬಯಿಗೆ ಸೇರಿದ ಮೇಲೆ ಸರಕಾರದ ಕಣ್ಣು ಕಾರವಾರದ ಕಡೆ ಹೋಯಿತು. ಕುಮಟಾದಲ್ಲಿ ನಿಜವಾದ ಬಂದರೇ ಇಲ್ಲ. ತೆರೆದ ಸಮುದ್ರ. ಹಡಗು ದೂರದಲ್ಲಿ ನಿಲ್ಲಬೇಕು, ಸಣ್ಣ ದೋಣಿಯಲ್ಲಿ ಸರಕು ಸಾಗಿಸಬೇಕು, ಮಳೆಗಾಲ ಬಂದರೆ ನಾಲ್ಕು ತಿಂಗಳು ಎಲ್ಲ ಬಂದ್. ಕಾರವಾರದಲ್ಲಿ ಗುಡ್ಡಗಳ ಮರೆ ಇದೆ. ಜಿಲ್ಲೆಯ ಕಚೇರಿಯೂ ಅಲ್ಲಿಗೆ ಹೋಯಿತು, ಅಲ್ಲಿಂದ ಹುಬ್ಬಳ್ಳಿಗೆ ಅರಬೈಲ್ ಮೇಲೆ ರಸ್ತೆಯೂ ಆಯಿತು. ಆದರೆ ವ್ಯಾಪಾರಿಗಳ ಮನೆ, ಗೋದಾಮು, ಸಾಲದ ಲೆಕ್ಕ ಎಲ್ಲ ಕುಮಟಾದಲ್ಲಿ ಇದ್ದವು. ಸರಕಾರ ಹೇಳಿತು ಅಂತ ಅಂಗಡಿ ಎತ್ತಿಕೊಂಡು ಹೋಗುತ್ತಾರಾ?

ಕುಮಟಾವನ್ನು ಮುಳುಗಿಸಿದ್ದು ಕಾರವಾರ ಅಲ್ಲ, ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಹುಬ್ಬಳ್ಳಿಗೆ ಬಂತು. ಅದೇ ದಶಕ ಮುಗಿಯುವುದರೊಳಗೆ ಕ್ಯಾಸಲ್‌ರಾಕ್ ಇಳಿದು ಗೋವಾದ ಮರ್ಮಗೋವಾ ಬಂದರಿಗೂ ಹಳಿ ಹಾಕಿದರು. ಎತ್ತಿನ ಗಾಡಿ ವಾರಗಟ್ಟಲೆ ತೆಗೆದುಕೊಳ್ಳುವ ಕೆಲಸ ರೈಲಿಗೆ ಒಂದೆರಡು ದಿನ. ಕುಮಟಾಕ್ಕೆ ಹತ್ತಿ ಬರುವುದು ನಿಂತಿತು. ‘ಕುಮಟಾ ಹತ್ತಿ’ ಹೆಸರು ಮಾತ್ರ ಪೇಟೆಯಲ್ಲಿ, ಕೃಷಿ ಇಲಾಖೆಯ ಪುಸ್ತಕದಲ್ಲಿ, ನಿಮ್ಮ ಅಜ್ಜನ ಬಾಯಲ್ಲಿ ಉಳಿಯಿತು. ಇವತ್ತು ಧಾರವಾಡ ಕಡೆ ಅಲ್ಲಲ್ಲಿ ಬೆಳೆಯುವ ಜಯಧರ ತಳಿ ಅದೇ ಕುಲದ್ದು.

ಬಂಡಲ ಮಾಣಿ:
ತಡವಾಗಿ ಬಂದೆ, ಕ್ಷಮೆ ಇರಲಿ. ಘಟ್ಟದ ತಲೆಯ ಮೇಲಿನವನು ನಾನು. ಗಾಡಿ ವಿಷಯ ನಮ್ಮ ಮನೆಯಲ್ಲಿ ಕೇಳಿದ್ದು ಹೇಳುತ್ತೇನೆ.

ಇಳಿಯುವಾಗ ಭಾರದ ಗಾಡಿ ಎತ್ತಿನ ಮೈಮೇಲೆ ಬರುತ್ತದೆ. ಅದಕ್ಕೆ ಗಾಡಿಯ ಹಿಂದೆ ಮರದ ತುಂಡು ಕಟ್ಟಿ ನೆಲದಲ್ಲಿ ಎಳೆದುಕೊಂಡು ಹೋಗುತ್ತಿದ್ದರಂತೆ. ಬ್ರೇಕ್ ಅಂದರೆ ಅದೇ. ಕೆಳಗೆ ಹೋದ ಮೇಲೆ ಆ ತುಂಡು ಬಿಚ್ಚಿ ಬಿಸಾಡುವುದು. ಕತಗಾಲದ ಕಡೆಯ ಮನೆಯವರಿಗೆ ಪುಕ್ಕಟೆ ಸೌದೆ. ನಮ್ಮ ಅಜ್ಜನ ಅಪ್ಪನಿಗೆ ಅದೇ ಹೊಟ್ಟೆ ಉರಿ. ‘ನಮ್ಮ ಬೆಟ್ಟದ ಮರ, ಅವರ ಮನೆ ಬಚ್ಚಲ ಒಲೆ’ ಅನ್ನುತ್ತಿದ್ದನಂತೆ.

ಘಟ್ಟದ ಕೆಳಗಿನವ:
ಮಾಣಿ, ಆ ಸೌದೆಯ ಲೆಕ್ಕ ನಾಲ್ಕು ತಲೆಮಾರು ಇಟ್ಟುಕೊಂಡಿದ್ದೀರಲ್ಲ ಮಾರಾಯ. ಬಾ ಒಮ್ಮೆ, ಬಚ್ಚಲ ಬಿಸಿನೀರು ಕೊಡುತ್ತೇನೆ.

ಬಂಡಲ ಮಾಣಿ:
ಬಿಸಿನೀರು ಬೇಡ, ಬೆಳಚು (ಹೊಳೆಯ ಚಿಪ್ಪುಮೀನು) ಸಾರು ಮಾಡಿಡಿ. (ಮನೆಯಲ್ಲಿ ಹೇಳಬೇಡಿ.)

ಮಣ್ಣು ಮೋರಿ:
ರಸ್ತೆ ಕೆಲಸದಲ್ಲೇ ಜೀವನ ಕಳೆದವನು ನಾನು. ಈ ಘಟ್ಟದಲ್ಲಲ್ಲ, ಬೇರೆ ಘಟ್ಟಗಳಲ್ಲಿ. ಹಳೆಯ ಗಾಡಿ ರಸ್ತೆ ಯಾಕೆ ಅಷ್ಟು ಸುತ್ತುತ್ತದೆ ಅಂತ ಹುಡುಗರು ಕೇಳುತ್ತಾರೆ. ಎತ್ತು ಎಳೆಯಬೇಕಲ್ಲ ಸ್ವಾಮಿ! ಇಪ್ಪತ್ತು ಅಡಿ ಹೋದರೆ ಒಂದು ಅಡಿ ಏರು, ಅದಕ್ಕಿಂತ ಕಡಿದು ಮಾಡಬಾರದು ಅನ್ನುವ ಲೆಕ್ಕ ಆ ಕಾಲದ ಘಟ್ಟ ರಸ್ತೆಗಳಲ್ಲಿ ಸಾಮಾನ್ಯ. ಹಾಗಾಗಿ ಗುಡ್ಡದ ಸೊಂಟ ಹಿಡಿದು ಬಳಸಿ ಬಳಸಿ ಹೋಗುತ್ತದೆ. ಅಗಲ ಎರಡು ಗಾಡಿ ಎದುರಾದರೆ ಸಾಕು. ಅಷ್ಟಕ್ಕೆ ಗುಡ್ಡ ಕೆತ್ತಿದ್ದೂ ಕಡಿಮೆ.

ಈಗ ಅಗಲ ಮಾಡುವಾಗ ಬಂದಿದ್ದು ತೊಂದರೆ. ಸಾಗರಮಾಲಾ ಯೋಜನೆಯಲ್ಲಿ ಬಂದರುಗಳಿಗೆ ಸರಕು ಸಾಗಿಸಲು ಈ ರಸ್ತೆ ಎತ್ತಿಕೊಂಡರು. ಲಾರಿಗೆ ತಿರುವು ದೊಡ್ಡದು ಬೇಕು, ಅಗಲ ಬೇಕು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಧರೆ, ಅಂದರೆ ಗುಡ್ಡದ ಮಣ್ಣಿನ ಗೋಡೆ. ಕಣಿವೆ ಕಡೆ ಗೋಡೆ ಎಬ್ಬಿಸುವುದು ದುಬಾರಿ. ಧರೆ ಕಡಿಯುವುದು ಸುಲಭ. ಕಡಿದರು.

ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕೊಟ್ಟು ಕಡಿಯಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಹಾಗೆ ಕಡಿಯಲು ಮೇಲೆ ಇನ್ನಷ್ಟು ಕಾಡು ಬೇಕು. ಇನ್ನಷ್ಟು ಮರ ಬೀಳುತ್ತವೆ, ಇನ್ನಷ್ಟು ಅನುಮತಿ ಬೇಕು. ಕಾಡು ಉಳಿಸಲು ನೆಟ್ಟಗೆ ಗೋಡೆಯ ಹಾಗೆ ಕಡಿದರೆ, ಮಳೆಗಾಲದಲ್ಲಿ ಆ ಕಾಡು ತಾನೇ ರಸ್ತೆಗೆ ಇಳಿದು ಬರುತ್ತದೆ. ಎರಡರಲ್ಲೂ ಕಾಡಿಗೇ ಪೆಟ್ಟು.

ಸಾಣಿಕಟ್ಟಾ ಅಕ್ಕ:
ಮಣ್ಣು ಯಾಕೆ ಅಷ್ಟು ಸುಲಭಕ್ಕೆ ಜಾರುತ್ತದೆ? ಮರಗಳ ಬೇರು ಹಿಡಿದಿಟ್ಟುಕೊಂಡಿರುತ್ತದೆ ಅಂತಾರಲ್ಲ.

ಮಣ್ಣು ಮೋರಿ:
ಅಕ್ಕ, ನಿಮ್ಮ ಕಡೆ ಹಬ್ಬಕ್ಕೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬಿಳಿಯಲ್ಲಿ ಚಿತ್ರ ಬರೆಯುತ್ತಾರಲ್ಲ, ಅದು ಯಾವ ಮಣ್ಣು?

ಸಾಣಿಕಟ್ಟಾ ಅಕ್ಕ:
ಶೇಡಿ. ನಮ್ಮ ಅಮ್ಮ ಹೊಳೆ ಪಕ್ಕದ ಧರೆಯಿಂದ ಅಗೆದು ತರುತ್ತಿದ್ದಳು. ನೀರಲ್ಲಿ ಕಲಸಿದರೆ ಬೆರಳಿಗೆ ಬೆಣ್ಣೆ ಸವರಿದ ಹಾಗೆ ಆಗುತ್ತದೆ.

ಮಣ್ಣು ಮೋರಿ:
ಅದೇ ಬೆಣ್ಣೆ! ಮೇಲೆ ಕಲ್ಲಿನ ಹಾಗೆ ಕಾಣುವ ಕೆಂಪು ಜಂಬಿಟ್ಟಿಗೆ. ಅದರ ತುಂಬ ತೂತು. ಮಳೆ ನೀರು ಸಲೀಸಾಗಿ ಕೆಳಗೆ ಇಳಿಯುತ್ತದೆ. ಅದರ ಅಡಿಯಲ್ಲಿ ಶೇಡಿ. ಅದರೊಳಗೆ ನೀರು ಇಳಿಯುವುದಿಲ್ಲ, ಅಲ್ಲೇ ನಿಂತು ಶೇಡಿಯನ್ನು ಮೆತ್ತಗೆ ಮಾಡುತ್ತದೆ. ಈಗ ರಸ್ತೆಗಾಗಿ ಗುಡ್ಡದ ಕಾಲು ಕಡಿದಿದ್ದೀರಿ. ಮೇಲೆ ಇಡೀ ಜಂಬಿಟ್ಟಿಗೆಯ ಭಾರ, ಮರಗಳ ಭಾರ, ಕುಡಿದ ನೀರಿನ ಭಾರ. ಎಲ್ಲ ಒಟ್ಟಿಗೆ ಬೆಣ್ಣೆಯ ಮೇಲೆ ಜಾರುತ್ತದೆ. ಬೇರು ಜಂಬಿಟ್ಟಿಗೆಯಲ್ಲಿರುತ್ತದೆ, ಅದೂ ಗಿಡದ ಸಮೇತ ನಿಂತ ಭಂಗಿಯಲ್ಲೇ ಕೆಳಗೆ ಬರುತ್ತದೆ. ನಾನು ಒಂದು ಕಡೆ ನೋಡಿದ್ದೇನೆ. ಹಲಸಿನ ಮರ ಕಾಯಿ ಸಮೇತ ರಸ್ತೆಯ ನಟ್ಟನಡುವೆ ನಿಂತಿತ್ತು, ಅಲ್ಲೇ ನೆಟ್ಟ ಹಾಗೆ.

ಅದಕ್ಕೆ ನಾನು ಹೊಸಬರಿಗೆ ಹೇಳುವುದು ಒಂದೇ. ಡಾಂಬರು ಆಮೇಲೆ ನೋಡು, ಮೊದಲು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡು. ಜುಲೈ ತಿಂಗಳಲ್ಲಿ ಒಂದು ದಿನ ಕೊಡೆ ಹಿಡಿದು ಘಟ್ಟ ನಡೆದರೆ ಪ್ರತಿ ಅಬ್ಬಿಯೂ ತನ್ನ ದಾರಿ ತೋರಿಸುತ್ತದೆ. ಮೋರಿ ಅಲ್ಲಿ ಹಾಕಬೇಕು. ಬೇಸಿಗೆಯಲ್ಲಿ ಬಂದು ಅಳತೆ ಮಾಡಿದವರಿಗೆ ಅದು ಒಣ ಕೊರಕಲು.

ಬಂಡಲ ಮಾಣಿ:
2024ರ ಜುಲೈ ನೆನೆದರೆ ಈಗಲೂ ಹೆದರಿಕೆ. 16ನೇ ತಾರೀಖು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರಲ್ಲಿ ಚಹಾ ಅಂಗಡಿ, ಲಾರಿ, ಜನ ಎಲ್ಲ ಗಂಗಾವಳಿ ಹೊಳೆಗೆ ಹೋದದ್ದು ದೇಶಕ್ಕೇ ಗೊತ್ತು. ಅದೇ ತಿಂಗಳು ದೇವಿಮನೆಯಲ್ಲೂ ಧರೆ ಬಿದ್ದಿತ್ತು. ನಮಗೆ ಕೆಳಗೆ ಹೋಗಲು ದಾರಿ ಇಲ್ಲ, ಕೆಳಗಿನವರಿಗೆ ಉತ್ತರಕ್ಕೂ ಮೇಲಕ್ಕೂ ದಾರಿ ಇಲ್ಲ. ಆ ವರ್ಷ ಡಿಸೆಂಬರ್‌ನಲ್ಲಿ ಕಾಮಗಾರಿಗೆ ಅಂತ ಘಟ್ಟವನ್ನೇ ಮುಚ್ಚಿದರು. ಕುಮಟಾ ಆಸ್ಪತ್ರೆಗೆ ತೋರಿಸುವವರು, ಕಾಲೇಜು ಹುಡುಗರು ಎಲ್ಲ ಸಿದ್ದಾಪುರ ದಾರಿಯಲ್ಲಿ ದೊಡ್ಡಮನೆ ಘಟ್ಟ ಇಳಿಯಬೇಕು, ಇಲ್ಲವೇ ಯಾಣದ ಕಡೆ ವಡ್ಡಿ ಘಟ್ಟ. ಎರಡೂ ಸಣ್ಣ ರಸ್ತೆ.

ನಮ್ಮ ಮನೆಯ ಕಥೆ ಹೇಳುತ್ತೇನೆ. ಕಾಮಗಾರಿಯವರು ಕಡಿದ ಮಣ್ಣನ್ನು ಕಣಿವೆ ಕಡೆ ತಳ್ಳಿದ್ದರು. ಮೊದಲ ಮಳೆಗೆ ಅದು ಹಳ್ಳ ಹಿಡಿದು ಬಂತು. ನಮ್ಮ ತೋಟದ ಕಾದಿಗೆ (ನೀರು ಹರಿದುಹೋಗುವ ಕಾಲುವೆ) ಒಂದೇ ರಾತ್ರಿಯಲ್ಲಿ ತುಂಬಿಹೋಯಿತು. ಅಡಿಕೆ ಮರದ ಬುಡದಲ್ಲಿ ಮೊಣಕಾಲುದ್ದ ಕೆಸರು. ಅಪ್ಪ ಮಾತಾಡದೆ ಗುದ್ದಲಿ ತೆಗೆದುಕೊಂಡು ಹೋದ. ಹನ್ನೊಂದು ದಿನ ಕಾದಿಗೆ ಬಿಡಿಸಿದೆವು. ದೂರು ಕೊಟ್ಟೆವು. ‘ನೋಡುತ್ತೇವೆ’ ಅಂದರು. ನೋಡಿದ್ದಂತೂ ಹೌದು, ಬಂದು ನಿಂತು ನೋಡಿ ಹೋದರು.

ಬೆಂಗಳೂರು ವಾಸಿ:
ಹಾಗಾದರೆ ಅಗಲ ಮಾಡುವುದೇ ಬೇಡವಾಗಿತ್ತಾ? ಇಲ್ಲಿ ಎಲ್ಲರೂ ಬರೀ ವಿರೋಧ ಮಾಡುತ್ತಿದ್ದೀರಿ ಅನಿಸುತ್ತದೆ.

ರಾತ್ರಿ ಬಸ್:
ಬೇಡ ಅಂತ ನಾನಂತೂ ಹೇಳುವುದಿಲ್ಲ. ನಮ್ಮ ಅಪ್ಪ ಇದೇ ದಾರಿಯಲ್ಲಿ ಬಸ್ ಓಡಿಸಿದವರು. ಹಳೆ ರಸ್ತೆಯಲ್ಲಿ ಎದುರು ಲಾರಿ ಬಂದರೆ ಒಂದು ಗಾಡಿ ಹಿಂದೆ ಹೋಗಬೇಕು. ಮಳೆ, ಮಂಜು, ರಾತ್ರಿ. ಕಂಡಕ್ಟರ್ ಕೆಳಗೆ ಇಳಿದು ಟಾರ್ಚ್ ಬಿಟ್ಟು ‘ಬರಲಿ, ಬರಲಿ’ ಅನ್ನಬೇಕು. ಒಳಗೆ ನಿದ್ದೆಯಲ್ಲಿದ್ದವರಿಗೆ ಏನೂ ಗೊತ್ತಾಗುವುದಿಲ್ಲ. ಅಪ್ಪ ದೇವಿಮನೆಯಲ್ಲಿ ಬಸ್ ನಿಲ್ಲಿಸಿ ಕೈ ಮುಗಿಯದೆ ಒಂದು ದಿನವೂ ಇಳಿದವರಲ್ಲ. ಪ್ರಯಾಣಿಕರು ಕಿಟಕಿಯಿಂದಲೇ ಕಾಸು ಕೊಡುತ್ತಿದ್ದರು. ಹತ್ತಿ ಗಾಡಿಯವರೂ ಹಾಗೇ ಮಾಡಿರಬೇಕು. ಎತ್ತು ಬದಲಾಗಿ ಎಂಜಿನ್ ಬಂತು, ಹೆದರಿಕೆ ಅಷ್ಟೇ ಇತ್ತು.

ಕುಮಟಾದಿಂದ ಹೆರಿಗೆಗೋ ಅಪಘಾತವೋ ಆಗಿ ಹುಬ್ಬಳ್ಳಿಗೆ ಹೊರಟವರಿಗೆ ಆ ಎರಡು ಗಂಟೆ ಏನು ಅಂತ ಘಟ್ಟದ ಕೆಳಗಿನವರನ್ನು ಕೇಳಿ. ರಸ್ತೆ ಒಳ್ಳೆಯದಾಗಬೇಕು. ಆದರೆ ಯಾರಿಗಾಗಿ ಮಾಡುತ್ತೇವೆ ಅನ್ನುವುದರ ಮೇಲೆ ಎಷ್ಟು ಅಗಲ ಅನ್ನುವುದು ನಿರ್ಧಾರ ಆಗಬೇಕು. ಬಸ್ಸಿಗೆ, ಆಂಬುಲೆನ್ಸಿಗೆ, ಮೀನಿನ ಗಾಡಿಗೆ ಒಂದು ಅಗಲ ಸಾಕು. ಬಂದರಿನ ಲಾರಿಗೆ ಬೇರೆ.

ಘಟ್ಟದ ಕೆಳಗಿನವ:
ಇದು ನನ್ನ ಮನಸ್ಸಿನ ಮಾತು. 1860ರಲ್ಲಿ ರಸ್ತೆ ಬಂದರಿಗೆ ಬೇಕಾಯಿತು, ಈಗಲೂ ಬಂದರಿಗೇ ಬೇಕು. ಮಧ್ಯದ ಊರು ಆವಾಗಲೂ ಲೆಕ್ಕದಲ್ಲಿಲ್ಲ, ಈಗಲೂ ಇಲ್ಲ. ಕತಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿದರೆ ಮಳೆಗಾಲದಲ್ಲಿ ರಸ್ತೆ ಮೇಲೇ ನೀರು. ನಮಗೆ ಬೇಕಾಗಿದ್ದು ಮೊದಲು ಅಲ್ಲಿ ರಸ್ತೆ ಎತ್ತರ ಮಾಡುವುದು. ಅದನ್ನು ಕೇಳಿದವರು ಯಾರು?

ಬಂಡಲ ಮಾಣಿ:
ಕಾಡಿನ ಮಾತೂ ಸ್ವಲ್ಪ ಇರಲಿ. ಶಿರಸಿ, ಹೊನ್ನಾವರ ಕಡೆಯ ಘಟ್ಟದ ಕಾಡಿನಲ್ಲಿ ಸಿಂಗಳೀಕ ಇವೆ. ಕಪ್ಪು ಮೈ, ಮುಖದ ಸುತ್ತ ಬಿಳಿ ಕೇಸರ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ, ಅದರಲ್ಲೂ ತೀರಾ ಉತ್ತರದ ಗುಂಪುಗಳು ಇಲ್ಲಿನವು. 2011ರಲ್ಲಿ ಅಘನಾಶಿನಿ ಕಣಿವೆಯ ಸುಮಾರು 300 ಚದರ ಕಿ.ಮೀ ಕಾಡನ್ನು ಅವುಗಳ ಹೆಸರಿನಲ್ಲೇ ಸಂರಕ್ಷಿತ ಪ್ರದೇಶ ಮಾಡಿದರು. ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೆ ಹೋಗುತ್ತದೆ. ಯಾವ ಘಟ್ಟ ರಸ್ತೆಯೇ ಆಗಲಿ, ಎರಡು ಕಡೆಯ ಕೊಂಬೆ ಒಂದಕ್ಕೊಂದು ತಾಗುತ್ತಿದ್ದರೆ ಅದಕ್ಕೆ ರಸ್ತೆ ಇದ್ದೂ ಇಲ್ಲದ ಹಾಗೆ. ಅಗಲ ಮಾಡಿದ ದಿನ ಕಾಡು ಎರಡು ತುಂಡು.

ಇನ್ನೊಂದು ಚೆಂದದ ವಿಷಯ. ಅಘನಾಶಿನಿಯ ಒಂದು ಮೂಲ ಶಿರಸಿ ಪೇಟೆಯ ಶಂಕರಹೊಂಡ. ನದಿ ಸಮುದ್ರ ಸೇರುವುದು ಕುಮಟಾದ ಹತ್ತಿರ. ಅಂದರೆ ಹೊಳೆಗೂ ರಸ್ತೆಗೂ ಹೊರಡುವ ಊರು, ಸೇರುವ ಊರು ಹೆಚ್ಚುಕಡಿಮೆ ಒಂದೇ! ರಸ್ತೆ 60 ಕಿ.ಮೀಗೆ ಮುಟ್ಟುತ್ತದೆ. ಹೊಳೆ ಉಂಚಳ್ಳಿಯಲ್ಲಿ 116 ಮೀಟರ್ ಜಿಗಿದು, ಸುತ್ತಿ ಬಳಸಿ ಸುಮಾರು 120 ಕಿ.ಮೀ ಹೋಗುತ್ತದೆ. ದಾರಿಯಲ್ಲಿ ಒಂದೂ ಅಣೆಕಟ್ಟು ಇಲ್ಲ. 2024ರಲ್ಲಿ ಅದರ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಸಾಣಿಕಟ್ಟಾ ಅಕ್ಕ:
ಆ ಅಳಿವೆಯ ಗಜನಿಯಲ್ಲೇ (ಉಪ್ಪು ನೀರು ಬರುವ ಗದ್ದೆ) ನಮ್ಮ ಕಗ್ಗ ಭತ್ತ ಬೆಳೆಯುವುದು. ಉಪ್ಪು ನೀರು ನುಗ್ಗಿದರೂ ಸಾಯದ ಭತ್ತ. ಘಟ್ಟದಿಂದ ಇಳಿದ ಮಣ್ಣು ಕೊನೆಗೆ ಬಂದು ಕೂರುವುದು ಅಲ್ಲಿಯೇ. ಮಣ್ಣು ಹದವಾಗಿ ಬಂದರೆ ಗೊಬ್ಬರ. ಮಾಣಿ ಮನೆ ತೋಟಕ್ಕೆ ಬಂದ ಹಾಗೆ ಬಂದರೆ ಬೆಳಚು ಉಸಿರು ಕಟ್ಟಿ ಸಾಯುತ್ತದೆ. ಮೇಲೆ ಕಡಿದ ಧರೆ ಮೇಲಿನವರ ಸಮಸ್ಯೆ ಮಾತ್ರ ಅಲ್ಲ ಅನ್ನುವುದು ನಮ್ಮ ಹೆಂಗಸರಿಗೆ ಗೊತ್ತು. ಮೊಣಕಾಲು ನೀರಿನಲ್ಲಿ ನಿಂತು ಕಾಲಲ್ಲಿ ತಡಕಿ ಬೆಳಚು ಆರಿಸುವವರು ಅವರೇ.

ಹತ್ತಿಹೊಲ ಹಾವೇರಿ:
ರಸ್ತೆ ಹೇಗಿದೆ ಅಂತ ಒಂದು ಸಾಲು ಕೇಳಿದ್ದಕ್ಕೆ ಇಷ್ಟು ಕೊಟ್ಟಿರಿ. ನಮ್ಮ ಅತ್ತೆಗೆ ಓದಿ ಹೇಳಿದೆ. ಅವಳಿಗೆ ಈಗ 80ರ ಮೇಲೆ. ಕುಮಟಾ ಹತ್ತಿ ಅಂದ ತಕ್ಷಣ ‘ಅದರ ಕಾಯಿ ಪೂರಾ ಬಾಯಿ ಬಿಡೂದಿಲ್ಲೋ, ಬಿಡಿಸಾಕ ಬೆರಳು ಹರೀತಿದ್ವು’ ಅಂದಳು. ಬೆರಳು ತೋರಿಸಿದಳು. ಅವಳನ್ನೂ ಕರೆದುಕೊಂಡು ಬರುತ್ತಿದ್ದೇವೆ. ಇಲ್ಲಿತನಕ ಸಮುದ್ರ ನೋಡಿಲ್ಲ.

ದಾರಿಯಲ್ಲಿ ಯಾಣಕ್ಕೆ ಹೋಗಬಹುದಾ? ವಯಸ್ಸಾದವರು ಇದ್ದಾರೆ.

ಘಟ್ಟದ ಕೆಳಗಿನವ:
‘ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ’ ಅನ್ನುವ ಗಾದೆ ಕೇಳಿಲ್ವಾ? ಮೊದಲು ಕಾಡಿನಲ್ಲಿ ಮೈಲುಗಟ್ಟಲೆ ನಡೆಯಬೇಕಿತ್ತು, ಅದಕ್ಕೆ ಮೈಯಲ್ಲಿ ಸೊಕ್ಕು ಬೇಕು. ಈಗ ವಾಹನ ಹತ್ತಿರದವರೆಗೆ ಹೋಗುತ್ತದೆ. ಆದರೂ ಕೊನೆಗೆ ಸ್ವಲ್ಪ ನಡಿಗೆ, ಮೆಟ್ಟಿಲು ಇವೆ. 120 ಮೀಟರ್ ಎತ್ತರದ ಕಪ್ಪು ಬಂಡೆ ದೂರದಿಂದ ನೋಡಿದರೂ ಸಾಕು. ಅತ್ತೆಯನ್ನು ನೋಡಿಕೊಂಡು ತೀರ್ಮಾನ ಮಾಡಿ.

ಅವರನ್ನು ಮೊದಲು ಕುಮಟಾ ಕಡಲ ದಂಡೆಗೆ ಕರೆದುಕೊಂಡು ಹೋಗಿ, ಗೋಕರ್ಣ ಆಮೇಲೆ ಇರಲಿ. ಅವರು ಬಿಡಿಸಿದಂಥ ಹತ್ತಿ ಒಂದು ಕಾಲಕ್ಕೆ ಹಡಗು ಹತ್ತುತ್ತಿದ್ದ ನೀರು ಅದು. ಬೇಸಿಗೆಯಾದರೆ ಹಂದಿಗೋಣ, ಅಳ್ವೇಕೋಡಿ ಹತ್ತಿರ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿ ಜಡೆ ಹೆಣೆದು ತೂಗುಹಾಕಿರುತ್ತಾರೆ. ಎರಡು ಜಡೆ ತೆಗೆದುಕೊಳ್ಳಿ. ಚೌಕಾಸಿ ಮಾಡಿ, ಜಾಸ್ತಿ ಬೇಡ.

ಬಂಡಲ ಮಾಣಿ:
ಇಳಿಯುವ ಮೊದಲು ಬಂಡಲದಲ್ಲಿ ಐದು ನಿಮಿಷ ನಿಲ್ಲಿಸಿ ಫೋನ್ ಮಾಡಿ. ಅತ್ತೆಗೆ ಕಷಾಯ ನಮ್ಮ ಮನೆಯಲ್ಲಿ. ಮರದ ತುಂಡು ಕಟ್ಟಬೇಕಾದರೂ ಹೇಳಿ, ಒಂದು ಇಟ್ಟಿದ್ದೇನೆ.